ಗುರುಲಿಂಗವ್ವನ ಎಡಗೈ

ಗುಳೇದಗುಡ್ಡದ ಆ ಓಣಿಯಲ್ಲಿ ಗುರುಲಿಂಗವ್ವನ ಬಾಯಿಗೆ ಹೆದರದವರು ಇಬ್ಬರೇ ಇಬ್ಬರು. ಒಬ್ಬ ಅವಳ ಗಂಡ. ಅವನು ಸತ್ತು ಬಹಳ ವರ್ಷವಾಗಿತ್ತು. ಇನ್ನೊಬ್ಬ ಶಿವ, ಅವನು ಅವಳ ಕೊರಳಿನ ಬೆಳ್ಳಿ ಕರಡಿಗೆಯಲ್ಲಿ ಕೂತುಬಿಟ್ಟಿದ್ದ, ಎದ್ದು ಹೋಗಲು ದಾರಿಯಿರಲಿಲ್ಲ. ಉಳಿದವರೆಲ್ಲ, ಹಾಲಿನವನಿಂದ ಹಿಡಿದು ನೂಲಿನ ಸಾವುಕಾರನವರೆಗೆ, ಅವಳ ಮನೆ ಮುಂದೆ ಹಾಯುವಾಗ ಚಪ್ಪಲಿಯ ಸಪ್ಪಳ ಕಡಿಮೆ ಮಾಡುತ್ತಿದ್ದರು. ಒಮ್ಮೆ ಆ ಸಾವುಕಾರ ಬಣ್ಣ ಬಿಡುವ ರೇಶಿಮೆ ಕೊಟ್ಟನೆಂದು ಅವನ ಅಂಗಡಿ ಮುಂದೆ ನಿಂತು ಅವನ ಅಪ್ಪ, ಅಜ್ಜ, ಮುತ್ತಜ್ಜ ಮೂವರನ್ನೂ ಮಣ್ಣಿನಿಂದ ಎಬ್ಬಿಸಿ ಬೈದಿದ್ದಳು. ಅವನು ರೇಶಿಮೆ ಬದಲಿಸಿ ಕೊಟ್ಟ, ಮೇಲೆ ಚಹಾ ಕುಡಿಸಿದ. ಚಹಾಕ್ಕೆ ಸಕ್ಕರೆ ಕಡಿಮೆಯಾಗಿತ್ತೆಂದು ಅದಕ್ಕೂ ಬೈಸಿಕೊಂಡ.

ತವರು ಇಳಕಲ್ಲು. ಸೀರೆ ನೇಯುವವರ ಮಗಳು, ಖಣ ನೇಯುವವರ ಸೊಸೆ. "ಸೀರಿ ಮನ್ಯಾಗ ಹುಟ್ಟಿ ಕುಬಸದ ಮನಿಗೆ ಬಂದೆ. ನನ್ನ ನಸೀಬದಾಗ ಬಟ್ಟಿ ಅಲ್ಲಿಗೇ ಸಣ್ಣಾತು," ಎಂದು ಅವಳು ಆಗಾಗ ಹೇಳುವುದಿತ್ತು. ಮಗ ಅಂದಪ್ಪ ಇನ್ನೂ ಅಂಗಿ ಗುಂಡಿ ಹಾಕಿಕೊಳ್ಳಲು ಬಾರದ ವಯಸ್ಸಿನಲ್ಲಿದ್ದಾಗ ಗಂಡ ತೀರಿಕೊಂಡ. ಅಳುವುದಕ್ಕೆ ಬಂದ ಬೀಗರನ್ನು ಊಟ ಹಾಕಿ ಕಳಿಸಿ, ಮರುವಾರವೇ ಗಂಡನ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಳು. ಆಮೇಲೆ ಏಳಲಿಲ್ಲ. ಮಗನನ್ನು ಬೆಳೆಸಿದ್ದು, ಮನೆಯ ಮಾಡಿಗೆ ತಗಡಿನ ಪತ್ರಾಸ ಹಾಕಿಸಿದ್ದು, ದಾನೇಶ್ವರಿ ಎಂಬ ಸೊಸೆಯನ್ನು ತಂದದ್ದು, ತಂದ ದಿನದಿಂದ ಆ ಸೊಸೆಯನ್ನು ಬೈದದ್ದು, ಎಲ್ಲ ಆ ಮಗ್ಗದ ಮೇಲಿಂದಲೇ.

ದಿನದಲ್ಲಿ ಒಂದೇ ಹೊತ್ತು ಆ ಬಾಯಿ ಮುಚ್ಚಿರುತ್ತಿತ್ತು. ಬೆಳಗ್ಗೆ ಮಿಂದು, ಹಣೆಗೆ ವಿಭೂತಿ ಬಳಿದುಕೊಂಡು, ಮೂಲೆಯ ಕೋಣೆಯಲ್ಲಿ ಕೂತು ಕರಡಿಗೆ ಬಿಚ್ಚುವ ಹೊತ್ತು. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಳ್ಳುವಳು. ಬಲಗೈಯಿಂದ ನೀರೆರೆದು ಮಜ್ಜನ ಮಾಡಿಸಿ, ವಿಭೂತಿ ಹಚ್ಚಿ, ಪತ್ರೆ ಏರಿಸುವಳು. ಆಮೇಲೆ ಅಂಗೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡುತ್ತ ಕೂತಳೆಂದರೆ, ಮಗ್ಗವೂ ಸುಮ್ಮನೆ, ಸೊಸೆಯೂ ಸುಮ್ಮನೆ, ಓಣಿಯೂ ಸುಮ್ಮನೆ. ಅವಳು ತೀರ್ಥದ ತಂಬಿಗೆ ಹಿಡಿದು ಹೊರಗೆ ಬರುವ ತನಕ ಆ ಮನೆಯಲ್ಲಿ ಯಾರೂ ರೊಟ್ಟಿ ಮುರಿಯುವಂತಿರಲಿಲ್ಲ. ಹೊರಬಂದವಳೇ ಮೊದಲು ಯಾರನ್ನಾದರೂ ಬೈಯುವಳು, ಆಮೇಲೆ ತೀರ್ಥ ಕೊಡುವಳು.

ಅಂಥವಳಿಗೆ ಲಕ್ವಾ ಹೊಡೆಯಿತು. ಮಗ್ಗದ ಮೇಲೆ ಕೂತವಳು ಕೂತಂತೆಯೇ ಎಡಕ್ಕೆ ವಾಲಿದಳು, ಬಾಯಿ ಸೊಟ್ಟಗಾಯಿತು, ಮಾತು ನಿಂತಿತು. ಓಣಿಯ ಹೆಂಗಸರು ನೋಡಲು ಬಂದು, ಅಯ್ಯೋ ಪಾಪ ಎಂದು ಲೊಚಗುಟ್ಟಿ, ಹೊರಗೆ ಹೋಗಿ ಏನು ಮಾತಾಡಿಕೊಂಡರೋ ಅದು ಅವಳಿಗೆ ಕೇಳದೆ ಇರಲಿಲ್ಲ. ಲಕ್ವಾ ಹೊಡೆದದ್ದು ಬಾಯಿಗೆ, ಕಿವಿಗಲ್ಲ. ಮಾತು ತಿರುಗಿ ಬಂದ ದಿನ ಒಬ್ಬೊಬ್ಬರ ಹೆಸರು ಹಿಡಿದು ಲೆಕ್ಕ ತೀರಿಸಿದಳು. ಕಾಲೂ ಬಂತು, ಕೋಲು ಹಿಡಿದು ನಡೆಯುವಷ್ಟು. ಎಡಗೈ ಮಾತ್ರ ಬರಲಿಲ್ಲ. ಬೆರಳು ಒಳಕ್ಕೆ ಮುದುಡಿ, ಅಂಗೈ ನೆಲದ ಕಡೆ ಮಗುಚಿ, ಅದು ಹೊಟ್ಟೆಗೆ ಅಂಟಿಕೊಂಡು ಬಿಟ್ಟಿತು.

ದವಾಖಾನೆಯಿಂದ ಮನೆಗೆ ಬಂದ ಮರುದಿನ ದಾನೇಶ್ವರಿ ಪೂಜೆಯ ಕೋಣೆಯ ಬಾಗಿಲಲ್ಲಿ ನಿಂತು, "ಅತ್ತಿ, ನಾ ಕೆಳಗ ಕೈ ಹಿಡೀಲೇನ್ರಿ?" ಎಂದಳು. ಕೇಳಿದ್ದು ಇಷ್ಟೇ. ಗುರುಲಿಂಗವ್ವ ಬಲಗೈಯಲ್ಲಿದ್ದ ತಂಬಿಗೆಯನ್ನೇ ಬೀಸಿ ಒಗೆದಳು. "ನನ್ನ ಲಿಂಗಪೂಜಿಗೆ ಆಳ ಇಡ್ತೇನೇನ? ನಡಿ ಹೊರಗ." ತಂಬಿಗೆ ಬಾಗಿಲ ಚೌಕಟ್ಟಿಗೆ ಬಡಿದು ನೆಗ್ಗಿತು. ದಾನೇಶ್ವರಿ ಅದನ್ನು ಎತ್ತಿಟ್ಟು ಹೋದಳು, ಮತ್ತೆ ಆ ಮಾತು ತೆಗೆಯಲಿಲ್ಲ.

ಮಠದ ಸ್ವಾಮಿಗಳು ನೋಡಲು ಬಂದಾಗ, "ಬಲಗೈಯಲ್ಲಿ ಇಟ್ಟುಕೋ ತಾಯಿ, ಶಿವನಿಗೆ ಎಡ ಬಲ ಇಲ್ಲ," ಎಂದರು. ಗುರುಲಿಂಗವ್ವ ತಲೆ ಬಾಗಿಸಿದಳು. ಅವರು ಓಣಿ ದಾಟಿದ ಮೇಲೆ ಮಗನಿಗೆ ಹೇಳಿದಳು: "ಶಿವಗ ಇಲ್ಲ ಖರೆ, ನನಗ ಐತಿ. ಬಲಗೈಯಾಗ ಲಿಂಗ ಇಟ್ರ ಪತ್ರಿ ಏರಸಾವ್ರ್ಯಾರು, ಸ್ವಾಮಿಗಳು ದಿನಾ ಮುಂಜಾನಿ ಬರ್ತಾರೇನು?" ಅಂದಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವ್ವನ ಎದುರು ಅವನು ಕಲಿತದ್ದು ಅದೊಂದೇ ವಿದ್ಯೆ.

ಹಾಗೆಂದು ಅವಳು ಒಬ್ಬಳೇ ಕೂತಳು. ಬಾಗಿಲು ಹಾಕಿಕೊಂಡು, ಬಲಗೈಯಿಂದ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಮಣಿಕಟ್ಟನ್ನು ಮೊಣಕಾಲಿನ ಮೇಲೆ ಒತ್ತಿ ಮಗುಚಿ, ಲಿಂಗವನ್ನು ತೆಗೆದು ಅಂಗೈಯಲ್ಲಿಟ್ಟಳು. ಒಂದು ಗಳಿಗೆ ನಿಂತಿತು. ನೀರಿನ ತಂಬಿಗೆಗೆ ಕೈ ಹಾಕಿದ್ದೇ ತಡ, ಎಡಗೈ ತನ್ನಷ್ಟಕ್ಕೆ ತಾನು ಹೊರಳಿತು. ಲಿಂಗ ಕಲ್ಲಿನ ನೆಲದ ಮೇಲೆ ಬಿದ್ದು, ಉರುಳಿ, ಗೋಡೆಯ ಬುಡಕ್ಕೆ ಹೋಗಿ ನಿಂತಿತು.

ಲಿಂಗ ಮೈಯಿಂದ ಅಗಲಿದರೆ ಅನ್ನ ನೀರು ಬಿಡಬೇಕು ಎಂದು ನಂಬಿ ಬೆಳೆದವಳು ಅವಳು. ಈಗ ಅದು ಅವಳ ಕೈಯಿಂದಲೇ, ಅವಳ ಕಣ್ಣೆದುರೇ ನೆಲಕ್ಕೆ ಬಿದ್ದಿತ್ತು. ತೆವಳಿಕೊಂಡು ಹೋಗಿ ಎತ್ತಿಕೊಂಡಳು. ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಒಂದು ಗೆರೆಯೂ ಮೂಡಿರಲಿಲ್ಲ. ಲಿಂಗಕ್ಕೆ ಏನೂ ಆಗಿರಲಿಲ್ಲ, ಆದದ್ದೆಲ್ಲ ಗುರುಲಿಂಗವ್ವನಿಗೆ ಆಗಿತ್ತು. ಸೆರಗಿನಿಂದ ಒರೆಸಿ, ಕರಡಿಗೆಯಲ್ಲಿಟ್ಟು, ಮುಚ್ಚಿದಳು. ಹೊರಗೆ ಮೊಮ್ಮಕ್ಕಳು ಹಸಿದು ಕೂತಿದ್ದರು. ಸ್ವಲ್ಪ ಹೊತ್ತು ಬಿಟ್ಟು ಗಂಟೆ ಬಾರಿಸಿದಳು, ತಂಬಿಗೆಯ ಬರಿ ನೀರನ್ನು ತೀರ್ಥವೆಂದು ಕೊಟ್ಟಳು, ದಾನೇಶ್ವರಿಗೆ ರೊಟ್ಟಿ ದಪ್ಪಗಾಗಿವೆ ಎಂದು ಬೈದಳು.

ಅವತ್ತಿನಿಂದ ಅದೇ ನಡೆಯಿತು. ದಿನಾ ಮೀಯುವಳು, ವಿಭೂತಿ ಬಳಿದುಕೊಳ್ಳುವಳು, ಬಾಗಿಲು ಹಾಕಿಕೊಳ್ಳುವಳು, ಮುಚ್ಚಿದ ಕರಡಿಗೆಯನ್ನು ಮುಂದಿಟ್ಟುಕೊಂಡು ಸುಮ್ಮನೆ ಕೂಡುವಳು. ಗಂಟೆ ಬಾರಿಸಿ ಎದ್ದು ಬರುವಳು. ಊರಿಗೆಲ್ಲ ನಿಯತ್ತು ಹೇಳುವ ಹೆಂಗಸು, ಶಿವನ ಮುಂದೆಯೇ ಸುಳ್ಳು ಪೂಜೆಗೆ ಕೂತಿದ್ದಳು. ಆ ಕೈ ಬಂದರೆ ಮಾತ್ರ ಈ ಸುಳ್ಳು ಮುಗಿಯುತ್ತದೆ, ಇಲ್ಲದಿದ್ದರೆ ಇದರೊಳಗೇ ಸಾಯಬೇಕು ಎಂಬುದು ಅವಳಿಗೆ ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಸೊಸೆಯನ್ನು ಕರೆದುಕೊಂಡು ಬಸ್ಸು ಹತ್ತಿ ಬಾಗಲಕೋಟೆಗೆ ಹೋದಳು.

ನವನಗರದ ಆ ದೊಡ್ಡ ದವಾಖಾನೆಯಲ್ಲಿ ಲಕ್ವಾದವರಿಗೆ ಕೈಕಾಲು ಆಡಿಸಲು ಕಲಿಸುವವಳು ಆಫ್ರೀನ. ಜನ ಅವಳನ್ನು ಕಸರತ್ತಿನ ಡಾಕ್ಟರು ಎನ್ನುತ್ತಿದ್ದರು. ಹಳೇ ಬಾಗಲಕೋಟೆಯ ಹುಡುಗಿ, ಅಣೆಕಟ್ಟಿನ ಹಿನ್ನೀರಿನಲ್ಲಿ ಮನೆ ಮುಳುಗಿದ ಮೇಲೆ ನವನಗರಕ್ಕೆ ಬಂದ ಕುಟುಂಬದವಳು. ಅವಳ ಬಾಯಿಯೂ ಕಡಿಮೆಯದಲ್ಲ. ಇವಳು ತುರುಕರವಳೆಂದು ಗುರುಲಿಂಗವ್ವ ಬೈಯುತ್ತಾಳೇನೋ ಎಂದು ದಾನೇಶ್ವರಿ ಅಂಜಿದ್ದಳು. ಜಾತಿ ನೋಡಿ ಬೈಯುವಷ್ಟು ಪುರುಸೊತ್ತು ಗುರುಲಿಂಗವ್ವನಿಗೆ ಎಂದೂ ಇರಲಿಲ್ಲ. ಅವಳು ಮೊದಲು ಬೈಯುತ್ತಿದ್ದಳು, ಹೆಸರು ಆಮೇಲೆ ಕೇಳುತ್ತಿದ್ದಳು.

ಮೊದಲ ದಿನ ಆಫ್ರೀನ ಆ ಮುದುಡಿದ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೇಳಿದಳು: "ಅವ್ವಾರ, ಈ ಕೈ ಬಂದ್ರ ಮೊದಲ ಏನ್ ಮಾಡಬೇಕಂತೀರಿ?"

ಲಿಂಗದ ಮಾತು ಗುರುಲಿಂಗವ್ವನ ನಾಲಿಗೆಯ ತುದಿಗೆ ಬಂತು. ಪಕ್ಕದಲ್ಲಿ ಸೊಸೆ ಇದ್ದಳು. ಎದುರಿಗೆ ಕಾಲು ಎಳೆಯುವ ಗಂಡಸರು ಸಾಲಾಗಿ ಕೂತಿದ್ದರು. "ನಿನ್ನ ಕಪಾಳಕ್ಕ ಒಂದ ಬಾರಸಬೇಕು," ಎಂದಳು.

ಗಂಡಸರು ನಕ್ಕರು. ಆಫ್ರೀನಳ ಮುಖ ಕೆಂಪಾಯಿತು. "ಆತ ತಗೋರಿ," ಎಂದು ಒಂದು ರಬ್ಬರಿನ ಚೆಂಡು ಕೈಗಿಟ್ಟಳು. "ಇದನ್ನ ಸ್ವಲ್ಪ ಸ್ವಲ್ಪ ಹಿಚುಕ್ರಿ. ಆಮ್ಯಾಲ ಮನ್ಯಾಗ ಯಾರರ ಒಬ್ರು ಬೆರಳ ಬಿಡಿಸಿ, ಅಂಗೈ ಮ್ಯಾಲ ಮಾಡಿ, ಹಿಡಕೊಂಡ ಕುಂದರಬೇಕು. ಎರಡೂ ಮಾಡಬೇಕು." ದಾನೇಶ್ವರಿಗೆ ಹಿಡಿದು ತೋರಿಸಿಯೂ ಕೊಟ್ಟಳು. ನೋವಿಗೆ ಗುರುಲಿಂಗವ್ವ ಇಬ್ಬರಿಗೂ ಹಿಡಿಶಾಪ ಹಾಕಿದಳು.

ಮನೆಗೆ ಬಂದು ಅರ್ಧ ಮಾತ್ರ ಮಾಡಿದಳು. ಇನ್ನೊಬ್ಬರ ಕೈಗೆ ಕೈ ಕೊಟ್ಟು ಕೂಡುವ ಜಾಯಮಾನ ಅವಳದಲ್ಲ. ಚೆಂಡು ಹಿಚುಕುವುದಕ್ಕೆ ಯಾರ ಹಂಗೂ ಬೇಡವಲ್ಲ, ಅದನ್ನು ಹಟ ಹಿಡಿದು ಮಾಡಿದಳು. ಊಟಕ್ಕೆ ಮೊದಲು, ಊಟವಾದ ಮೇಲೆ, ಟೀವಿಯ ಮುಂದೆ, ಬಸ್ಸಿನಲ್ಲಿ, ಹಲ್ಲು ಕಚ್ಚಿ ಹಿಚುಕಿದಳು. ಮಗ್ಗದವರ ಬುದ್ಧಿ ಅದು: ಹಣಿಗೆಯನ್ನು ಎಷ್ಟು ಜಗ್ಗಿ ಹೊಡೆದರೆ ನೇಯ್ಗೆ ಅಷ್ಟು ಗಟ್ಟಿ. ಕೈಗೂ ಅದೇ ಲೆಕ್ಕ ಅಂದುಕೊಂಡಳು. ಆಫ್ರೀನ ಪ್ರತಿ ಸಲ ಹಿಡಿತ ಅಳೆಯುವ ಯಂತ್ರ ಕೊಟ್ಟು ಹಿಚುಕಿಸುವಳು, ಮುಳ್ಳು ಏರಿರುವುದನ್ನು ನೋಡುವಳು, ಹೊರಗಿನ ಸಾಲು ನೋಡುವಳು, "ಚಲೋ ಆಗೇತ್ರಿ," ಎಂದು ಮುಂದಿನವರನ್ನು ಕರೆಯುವಳು. ಚಲೋ ಆಗುತ್ತಿದ್ದದ್ದು ಮುಷ್ಟಿ. ದಿನದಿಂದ ದಿನಕ್ಕೆ ಅದು ಬಿಗಿಯಾಯಿತು. ಉಗುರು ಅಂಗೈಗೆ ಊರಿ ಗಾಯ ಮಾಡಿತು. ಲಿಂಗಕ್ಕೆ ಬೇಕಾದದ್ದು ಬಿಚ್ಚಿದ ಕೈ, ಅವಳು ವರ್ಷದುದ್ದಕ್ಕೂ ಮುಚ್ಚುವುದನ್ನೇ ರೂಢಿ ಮಾಡಿದಳು.

ಈ ನಡುವೆ ಬಂದವನು ಶಂಕರಲಿಂಗ. ಹುನಗುಂದದ ಹುಡುಗ, ಯಾವುದೋ ಕಾಲೇಜಿನಲ್ಲಿ ಸಂಶೋಧನೆಗೆ ನಿಂತವನು. ಆಧ್ಯಾತ್ಮದಿಂದ ರೋಗ ಬೇಗ ವಾಸಿಯಾಗುತ್ತದೆಯೇ ಎಂಬುದು ಅವನ ವಿಷಯ. ಲಕ್ವಾದವರನ್ನೆಲ್ಲ ಒಬ್ಬೊಬ್ಬರಾಗಿ ಕೂರಿಸಿಕೊಂಡು ಪ್ರಶ್ನೆ ಕೇಳಿ, ಒಂದರಿಂದ ಐದರವರೆಗೆ ಅಂಕ ಹಾಕಿಕೊಳ್ಳುತ್ತಿದ್ದ. ಊರ ಭಾಷೆ ಚೆನ್ನಾಗಿಯೇ ಬರುತ್ತಿದ್ದರೂ, ಕಾಗದ ಕೈಗೆ ಬಂದರೆ ಅವನ ಬಾಯಿಯಿಂದ ಬೇರೆ ಕನ್ನಡ ಹೊರಡುತ್ತಿತ್ತು.

"ಅಜ್ಜಿ, ನಿಮ್ಮ ಬದುಕಿಗೆ ಉನ್ನತವಾದ ಒಂದು ಉದ್ದೇಶವಿದೆ ಎಂದು ನಿಮಗೆ ಎಷ್ಟರ ಮಟ್ಟಿಗೆ ಅನಿಸುತ್ತದೆ? ಒಂದು ಅಂದರೆ ಸ್ವಲ್ಪವೂ ಇಲ್ಲ, ಐದು ಅಂದರೆ ಬಹಳ."

"ಅಜ್ಜಿ ಅನಬ್ಯಾಡ. ನಿಮ್ಮಜ್ಜಿ ನಾನಲ್ಲ."

"ಆತ್ರಿ, ಅಮ್ಮಾರ. ಎಷ್ಟ ಹಾಕ್ಲಿ?"

"ಐದು."

"ಭಗವಂತನು ನಿಮ್ಮ ಕಾಯಿಲೆಯಲ್ಲಿ ನಿಮ್ಮ ಜೊತೆಗಿದ್ದಾನೆ ಎಂಬ ಭರವಸೆ?"

ಗುರುಲಿಂಗವ್ವನ ಬಲಗೈ ತಾನಾಗಿ ಕೊರಳಿನ ಕರಡಿಗೆಗೆ ಹೋಯಿತು. ಅದರೊಳಗೆ ಇದ್ದಾನೆ, ತಿಂಗಳುಗಟ್ಟಲೆ ಬೆಳಕು ಕಾಣದೆ ಇದ್ದಾನೆ. "ಐದು. ಎಲ್ಲಾಕೂ ಐದ ಹಾಕ್ಕೊಂಡು ಏಳ ಇಲ್ಲಿಂದ. ನನ್ನ ಬಸ್ ಹೋಗತೈತಿ."

"ದಿನನಿತ್ಯ ಪೂಜೆ, ಪ್ರಾರ್ಥನೆ...?"

"ನನ್ನ ಹಣಿ ಮ್ಯಾಲ ಬಳಕೊಂಡದ್ದು ಸುಣ್ಣ ಅಂತ ತಿಳಿದೇನು?"

ಶಂಕರಲಿಂಗ ಖುಷಿಯಾಗಿ ಐದು ಬರೆದುಕೊಂಡ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ ಹುಡುಗ. ಅವನ ಸಂಶೋಧನೆಯಲ್ಲಿ ಅವಳಷ್ಟು ಆಧ್ಯಾತ್ಮವುಳ್ಳ ರೋಗಿ ಮತ್ತೊಬ್ಬರಿರಲಿಲ್ಲ.

ಮಳೆಗಾಲ ಕಳೆದ ಮೇಲೆ ಅವನು ಮತ್ತೆ ಬಂದ. ಗುರುಲಿಂಗವ್ವ ಆಫ್ರೀನಳ ಮೇಜಿನ ಮುಂದೆ ಕೂತಿದ್ದಳು, ಪಕ್ಕದಲ್ಲಿ ದಾನೇಶ್ವರಿ. ಆಫ್ರೀನ ಅಂಗೈಯ ಗಾಯಕ್ಕೆ ಮುಲಾಮು ಹಚ್ಚುತ್ತ, ಉಗುರು ಯಾಕೆ ಕತ್ತರಿಸಿಲ್ಲ ಎಂದು ದಾನೇಶ್ವರಿಯನ್ನು ಜಬರಿಸುತ್ತಿದ್ದಳು. ಕತ್ತರಿಸಲು ಕೈ ಕೊಟ್ಟರೆ ತಾನೇ ಎಂದು ದಾನೇಶ್ವರಿ ಬಾಯೊಳಗೇ ಅಂದುಕೊಂಡಳು. ಶಂಕರಲಿಂಗ ಕುರ್ಚಿ ಎಳೆದುಕೊಂಡು ಕೂತು, ಗಂಟಲು ಸರಿಮಾಡಿಕೊಂಡ.

"ಅಮ್ಮಾರ, ಒಂದ ಮಾತ ಕೇಳಬೇಕಿತ್ರಿ. ನಂಬಿಗಿ ಹೆಚ್ಚ ಇದ್ದಾವ್ರಿಗೆ ಕೈಕಾಲ ಬೇಗ ಬಂದಾವು. ಲೆಕ್ಕದಾಗ ಹಂಗ ಕಾಣತೈತಿ. ನಿಮಗ ನಂಬಿಗಿ ಎಲ್ಲಾರಕಿಂತ ಹೆಚ್ಚೈತಿ, ಆದ್ರ ಕೈ ಎಲ್ಲಾರಕಿಂತ ಹಿಂದ ಬಿದ್ದೈತಿ. ಲೆಕ್ಕ ಕೂಡವಲ್ತು." ಅವನು ದನಿ ಇಳಿಸಿದ. "ಖರೆ ಹೇಳ್ರಿ, ಒಳಗ ಏನರ ಅನುಮಾನ ಐತೇನ್ರಿ? ನಂಬಿಗ್ಯಾಗ ಕೊರತಿ ಇದ್ರ ಹೇಳ್ರಿ, ಸಂಕೋಚ ಪಡಬ್ಯಾಡ್ರಿ."

ಗುರುಲಿಂಗವ್ವ ಕೆಂಡಾಮಂಡಲವಾದಳು ಎಂದರೆ ಕಡಿಮೆಯಾಯಿತು. ಅವಳು ಎಷ್ಟೋ ಜನರಿಗೆ ಬೈದಿದ್ದಳು, ಆದರೆ ಅದೆಲ್ಲ ಬಾಯಿಯ ಬೈಗುಳ. ಇದು ಹೊಟ್ಟೆಯೊಳಗಿಂದ ಬಂತು. ಕೋಲು ಊರಿ ಎದ್ದು ನಿಂತು, ಬಲಗೈಯಿಂದ ಎಡಗೈಯನ್ನು ಎತ್ತಿ ಆ ಹುಡುಗನ ಮೂಗಿಗೆ ಹಿಡಿದಳು.

"ನಂಬಿಗಿ ಕಮ್ಮಿ ಬಿತ್ತಂತೀ? ನೋಡ ಇಲ್ಲೆ. ಇದು ಕೈ ಏನೋ? ಇದು ಮುಟಿಗಿ. ಮುಟಿಗಿ ಮ್ಯಾಲ ಲಿಂಗ ನಿಂದರತೈತೇನೋ? ನೀನೂ ಲಿಂಗಾ ಕಟ್ಟಿದಾವ ಇದ್ದಿ, ನಿನ್ನ ಹೆಸರಾಗೂ ಲಿಂಗ ಐತಿ, ಅಷ್ಟ ತಿಳಿವಲ್ತೇನು? ಬಿತ್ತು. ನನ್ನ ಕೈಯಾಗಿಂದ ಬಿತ್ತು. ವರ್ಷಾತು, ಮಜ್ಜನಾ ಇಲ್ಲ, ಪತ್ರಿ ಇಲ್ಲ, ಲಿಂಗದ ಮಾರಿ ನೋಡಿಲ್ಲ ನಾನು. ಬಾಗಲಾ ಹಾಕ್ಕೊಂಡು ಕಳ್ಳರಗತೆ ಕುಂದರತೇನಿ. ಬರೇ ನೀರು ಕೊಟ್ಟು ತೀರ್ಥ ಅಂತೇನಿ. ಅನುಮಾನ ನನಗಿಲ್ಲೋ ಹಾಟ್ಯಾ, ಕೈ ಇಲ್ಲ. ಈಗ ಬರಕೋ. ಎಷ್ಟ ಬರಕೋತಿ ಬರಕೋ."

ಕೋಣೆಯಲ್ಲಿ ಕಾಲು ಎಳೆಯುತ್ತಿದ್ದವರು ಎಳೆಯುವುದನ್ನು ನಿಲ್ಲಿಸಿದರು. ದಾನೇಶ್ವರಿ ನೆಲ ನೋಡುತ್ತಿದ್ದಳು. ಶಂಕರಲಿಂಗ ಕಾಗದ ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಕೊನೆಗೆ, "ಹಂಗಾದ್ರ ನಿಮ್ಮ ಉತ್ತರಾ ನಡಿಯಾಂಗಿಲ್ರಿ ಅಮ್ಮಾರ. ನಿಮ್ಮನ್ನ ಲೆಕ್ಕದಿಂದ ತಗೀಬೇಕಾಗತೈತಿ," ಎಂದ.

"ತಗಿ."

"ನೀ ಹೊರಗ ನಡಿಯಪಾ ಮೊದ್ಲ," ಎಂದಳು ಆಫ್ರೀನ. ಅವನು ಹೋದ. ಅವನ ಸಂಶೋಧನೆ ಮುಂದೆ ಮುಗಿದು, ಯಾವುದೋ ಊರಿನ ಸಭೆಯಲ್ಲಿ ಓದಿ ಚಪ್ಪಾಳೆ ತಟ್ಟಿಸಿಕೊಂಡಿತಂತೆ. ನಂಬಿಕೆ ಹೆಚ್ಚಿದ್ದವರ ಕೈಕಾಲು ಬೇಗ ಬರುತ್ತವೆ ಎಂದು ಅದರಲ್ಲಿ ಈಗಲೂ ಇದೆ. ಗುರುಲಿಂಗವ್ವ ಅದರಲ್ಲಿ ಇಲ್ಲ.

ಆಫ್ರೀನ ಸಮಾಧಾನ ಹೇಳುತ್ತಾಳೆಂದು ದಾನೇಶ್ವರಿ ಅಂದುಕೊಂಡಿದ್ದಳು. ಆಫ್ರೀನ ಮುಲಾಮಿನ ಡಬ್ಬಿಯನ್ನು ಮೇಜಿಗೆ ಕುಕ್ಕಿದಳು. "ಮೊದಲನೇ ದಿನಾನ ಕೇಳಿದ್ದೆ ನಿಮ್ಮನ್ನ. ಕೈ ಬಂದ್ರ ಏನ್ ಮಾಡ್ತೀರಿ ಅಂತ. ಏನಂದ್ರಿ?"

"ನಿನ್ನ ಕಪಾಳಕ್ಕ ಹೊಡೀತೇನಿ ಅಂದೆ."

"ಕಪಾಳಕ್ಕ ಹೊಡಿಯಾಕರ ಅಂಗೈ ಬೇಕಲ್ರಿ. ಮುಟಿಗಿಲೆ ಗುದ್ದತಾರ. ಅಷ್ಟು ನನಗರ ತಿಳಿಬೇಕಿತ್ತು." ಅವಳ ಸಿಟ್ಟು ಅರ್ಧ ಮುದುಕಿಯ ಮೇಲೆ, ಅರ್ಧ ತನ್ನ ಮೇಲೆ. "ಬೆರಳ ಬಿಡಿಸಿ ಹಿಡಿರಿ ಅಂತ ಹೇಳಿದ್ದೆ. ಹಿಡದ್ರೇನು? ಬರೇ ಚೆಂಡ ಹಿಚುಕೀರಿ. ನಾನೂ ಮುಳ್ಳ ಏರಿದ್ದು ನೋಡಿ ಚಲೋ ಅಂದೆ. ಮೊದಲಿನ ಮೂರ್ನಾಕ ತಿಂಗಳದಾಗ ಹೇಳಿದ್ರ ಪೂರಾ ಬಿಚ್ಚಿಸ್ತಿದ್ದೆ. ಈಗ ನರ ಬಿಗದಾವು. ಅರ್ಧ ಬಂದ್ರ ದೊಡ್ಡದು. ಖರೆ ಹೇಳಾಕತ್ತೇನಿ, ನಿಮಗ ಸುಳ್ಳ ಹೇಳಾಂಗಿಲ್ಲ."

ಗುರುಲಿಂಗವ್ವ ತನ್ನ ಮುಷ್ಟಿಯನ್ನು ನೋಡಿಕೊಂಡಳು. ತಾನೇ ಹಲ್ಲು ಕಚ್ಚಿ, ತನ್ನ ಹಟದಿಂದ, ತನ್ನ ಕೈಯನ್ನು ಮುಚ್ಚಿ ಬೀಗ ಹಾಕಿಕೊಂಡಿದ್ದಳು. ಆಫ್ರೀನ ಚೆಂಡನ್ನು ಅವಳ ಚೀಲದಿಂದ ತೆಗೆದು ಕಪಾಟಿಗೆ ಎಸೆದಳು. ಅದರ ಬದಲು ಮೆತ್ತನೆಯ ಬಟ್ಟೆ ಸುತ್ತಿದ ಹಲಗೆ ಕೊಟ್ಟಳು. ದಿನಾ ಎರಡು ಹೊತ್ತು ಸೊಸೆ ಕೈ ಬಿಡಿಸಬೇಕು, ಮಗುಚಬೇಕು, ಹಲಗೆಗೆ ಕಟ್ಟಬೇಕು, ಅತ್ತೆ ಸುಮ್ಮನೆ ಕೊಡಬೇಕು; ಇಲ್ಲದಿದ್ದರೆ ಬಸ್ಸಿನ ಖರ್ಚು ದಂಡ, ಬರಬೇಡಿ ಎಂದಳು.

ಗುಳೇದಗುಡ್ಡದ ಬಸ್ಸಿನಲ್ಲಿ ಅತ್ತೆ ಕಿಟಕಿಗೆ, ಸೊಸೆ ಪಕ್ಕಕ್ಕೆ. ಅರ್ಧ ದಾರಿಗೆ ಬಂದ ಮೇಲೆ ದಾನೇಶ್ವರಿ ಮುಂದಿನ ಸೀಟಿನ ಬೆನ್ನನ್ನು ನೋಡುತ್ತ ಹೇಳಿದಳು: "ನನಗ ಗೊತ್ತಿತ್ರಿ."

"ಏನ ಗೊತ್ತಿತ್ತು?"

"ಪೂಜಿ ಇಲ್ಲ ಅನ್ನೂದು. ಪತ್ರಿ ದಿನಾ ಒಣಗಿದ್ದ ಬರ್ತಿದ್ವು. ಮಜ್ಜನಾ ಆದ ಮ್ಯಾಲ ಏರಿಸಿದ್ರ ತೊಯ್ದಿರ್ತಿದ್ವು. ಕೋಣಿ ಕಸಾ ಹೊಡಿಯಾಕಿ ನಾನ ಅಲ್ಲೇನ್ರಿ?"

"ಗೊತ್ತಿದ್ದೂ ಸುಮ್ಮ ಕುಂತೆ?"

"ಹೂಂ. ಕುಂತೆ." ದಾನೇಶ್ವರಿಯ ದನಿ ಏರಲಿಲ್ಲ. "ಕೈ ಹಿಡೀಲೇನ್ರಿ ಅಂದದ್ದಕ್ಕ ತಂಬಿಗಿ ಒಗದ್ರಿ. ಅನುಭೋಗಸಲಿ ಅಂತ ಬಿಟ್ಟೆ. ದಿನಾ ಅದ ನೆಗ್ಗಿದ ತಂಬಿಗಿಲೆ ಬರೇ ನೀರ ಕುಡದು, ಅನುಭೋಗಸಲಿ ಅಂತನ ಬಿಟ್ಟೆ. ಸಾಕಾತೇನ್ರಿ?"

ಬಂದ ದಿನದಿಂದ ಈ ಸೊಸೆ ತಿರುಗಿ ಮಾತಾಡಿದ್ದು ಅದೇ ಮೊದಲು. ಬೇರೆ ದಿನವಾಗಿದ್ದರೆ ಬಸ್ಸು ನಿಲ್ಲಿಸಿ ಇಳಿಸುತ್ತಿದ್ದಳೋ ಏನೋ. ಗುರುಲಿಂಗವ್ವ ಕಿಟಕಿಯ ಹೊರಗೆ ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು, ಸಿಟ್ಟೂ ಇತ್ತು, ಇವಳಿಗೆ ಇಷ್ಟು ಕೆಚ್ಚು ಇದೆಯೆಂದು ಗೊತ್ತೇ ಇರಲಿಲ್ಲವಲ್ಲ ಎಂಬ ಬೆರಗೂ ಇತ್ತು. "ಟಿಕೇಟ ಜ್ವಾಕಿ ಇಟಗೋ," ಎಂದಳು.

ಮರುದಿನ ಮಠಕ್ಕೆ ಹೋಗಿ ಸ್ವಾಮಿಗಳ ಮುಂದೆ ಎಲ್ಲ ಹೇಳಿದಳು. ಅವರು ಬೈಯಲಿಲ್ಲ, ಲಿಂಗಕ್ಕೂ ಅವಳಿಗೂ ಮಾಡಬೇಕಾದ ಶಾಸ್ತ್ರ ಮಾಡಿ ಕಳಿಸಿದರು. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಆಮೇಲಿನ ತಿಂಗಳುಗಳಲ್ಲಿ ಆ ಮನೆಯ ಜಗಳ ಕೇಳಬೇಕಿತ್ತು. ದಾನೇಶ್ವರಿ ಅತ್ತೆಯ ಬೆರಳು ಬಿಡಿಸುವಳು, ಗುರುಲಿಂಗವ್ವ ನೋವಿಗೆ ಅವಳ ತವರಿನವರನ್ನೆಲ್ಲ ಬೈಯುವಳು, ದಾನೇಶ್ವರಿ ಇಳಕಲ್ಲಿನವರನ್ನು ಬೈದು ಇನ್ನಷ್ಟು ಒತ್ತುವಳು. "ಮುರೀತಿಯೇನ ಕೈಯಿ?" "ಸುಮ್ಮ ಕುಂದ್ರತೀರೋ ಇಲ್ಲೋ?" ಅಂದಪ್ಪ ಅಷ್ಟು ಹೊತ್ತು ಮಗ್ಗ ಬಿಟ್ಟು ಅಂಗಡಿ ಕಡೆ ಹೋಗಿಬಿಡುವನು. ಬಾಗಲಕೋಟೆಗೆ ಹೋದಾಗ ಆಫ್ರೀನಳದು ಮೂರನೆಯ ಬಾಯಿ. ಆದರೆ ಕೈ ಕೊಡುವುದನ್ನು ಗುರುಲಿಂಗವ್ವ ಒಂದು ದಿನವೂ ತಪ್ಪಿಸಲಿಲ್ಲ. ಬೈಯುತ್ತ ಬೈಯುತ್ತಲೇ ಹೊತ್ತಿಗೆ ಸರಿಯಾಗಿ ಬಂದು ಎಡಗೈ ಮುಂದೆ ಚಾಚಿ ಕೂಡುವಳು. ಅಂಗೈ ಮೊದಲು ಗೋಡೆ ನೋಡಿತು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಮೇಲಕ್ಕೆ ಹೊರಳಿತು. ಬೆರಳು ಅರ್ಧ ಬಿಚ್ಚಿದವು, ಅಲ್ಲಿಗೆ ನಿಂತವು. ಆಫ್ರೀನ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇಷ್ಟ ರೀ ಅವ್ವಾರ. ಇನ್ನ ಬರಾಂಗಿಲ್ಲ. ಇದರಾಗ ಹೊಂದಿಸ್ಕೋರಿ," ಎಂದಳು.

ಗುರುಲಿಂಗವ್ವ ಆ ಅರ್ಧ ಬಿಚ್ಚಿದ ಕೈಯನ್ನು ಎತ್ತಿ, ತ್ರಾಸುಪಟ್ಟು, ಆಫ್ರೀನಳ ಕಪಾಳಕ್ಕೆ ಮುಟ್ಟಿಸಿದಳು. ಹೊಡೆತವೆನ್ನಲು ಅದರಲ್ಲಿ ಜೋರಿರಲಿಲ್ಲ. "ಲೆಕ್ಕಾ ಮುಗೀತು," ಎಂದಳು.

ಒಂದು ಸೋಮವಾರ ಬೆಳಗ್ಗೆ ಮಿಂದು ಬಂದವಳು ಕೋಣೆಗೆ ಹೋದಳು, ಬಾಗಿಲು ಹಾಕಿಕೊಳ್ಳಲಿಲ್ಲ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ದಾನೇಶ್ವರಿ ಅದನ್ನು ನೋಡಿದಳು, ನೋಡದಂತೆ ಬಡಿಯುತ್ತ ಇದ್ದಳು. ಗುರುಲಿಂಗವ್ವ ಕರಡಿಗೆ ಬಿಚ್ಚಿದಳು. ಮಠದಲ್ಲಿ ಶಾಸ್ತ್ರಕ್ಕೆ ಬಿಚ್ಚಿದಾಗ ಅವಳು ತಲೆ ತಗ್ಗಿಸಿದ್ದಳು, ಕಣ್ಣೆತ್ತಿ ನೋಡಿರಲಿಲ್ಲ. ಈಗ ನೋಡಿದಳು. ಹೊಳೆಯುವ ಕಪ್ಪು, ಹಾಗೇ ಇತ್ತು. ಎಡಗೈಯನ್ನು ಮೊಣಕಾಲಿನ ಮೇಲೆ ಮಗುಚಿ ಇಟ್ಟು, ಅದರಲ್ಲಿ ಲಿಂಗವನ್ನು ಇಟ್ಟಳು. ಕೈ ನಡುಗತೊಡಗಿತು. ಕಣ್ಣು ಲಿಂಗದಿಂದ ತೆಗೆಯದೆ, ಉಸಿರು ಬಿಗಿಹಿಡಿದು ಕೂತಳು. ನಡುಕ ಹೆಚ್ಚಾಯಿತು. ಕಲ್ಲಿನ ನೆಲ ಅಲ್ಲೇ ಕೆಳಗೆ, ಗೋಡೆಯ ಬುಡ ಅಲ್ಲೇ ಎದುರಿಗೆ.

"ಏ ದಾನಿ," ಎಂದಳು. ದನಿ ಅವಳದಲ್ಲವೇನೋ ಅನ್ನುವಷ್ಟು ಸಣ್ಣಗಿತ್ತು. "ಬಾ ಇಲ್ಲೆ. ಕೆಳಗ ಕೈ ಹಿಡಿ."

ರೊಟ್ಟಿಯ ಸಪ್ಪಳ ನಿಂತಿತು. ದಾನೇಶ್ವರಿ ಹಿಟ್ಟಿನ ಕೈ ತೊಳೆದುಕೊಂಡು ಬಂದು ಎದುರಿಗೆ ಕೂತಳು. ಲಿಂಗವನ್ನು ಮುಟ್ಟಲಿಲ್ಲ. ತನ್ನ ಎರಡೂ ಅಂಗೈಗಳನ್ನು ಅತ್ತೆಯ ಅಂಗೈಯ ಕೆಳಗೆ ಇಟ್ಟು, ಭಾರ ತೆಗೆದುಕೊಂಡಳು. ಕೈ ನಿಂತಿತು. ಗುರುಲಿಂಗವ್ವ ಬಲಗೈಯಿಂದ ಆ ನೆಗ್ಗಿದ ತಂಬಿಗೆ ಎತ್ತಿ ನೀರೆರೆದಳು. ವಿಭೂತಿ ಹಚ್ಚಿದಳು, ಪತ್ರೆ ಏರಿಸಿದಳು. ನೀರು ಅವಳ ಬೆರಳ ಸಂದಿಯಿಂದ ಸೊಸೆಯ ಕೈಗೆ, ಸೊಸೆಯ ಕೈಯಿಂದ ತಟ್ಟೆಗೆ ಇಳಿಯಿತು. ಇಬ್ಬರೂ ಕೈಗಳನ್ನು ಕಣ್ಣಿನ ಮಟ್ಟಕ್ಕೆ ಎತ್ತಿದರು. ಬಹಳ ಹೊತ್ತು ಹಾಗೇ ಇದ್ದರು. ಓಣಿಯವರಿಗೆ ಅವತ್ತು ತುಸು ಹೆಚ್ಚೇ ಶಾಂತಿ ಸಿಕ್ಕಿತು.

ದಾನೇಶ್ವರಿಯ ಗಲ್ಲದಿಂದ ಒಂದು ಹನಿ ಜಾರಿ, ಲಿಂಗದ ಅಂಚಿಗೆ ಬೀಳುವಂತಿತ್ತು. ಗುರುಲಿಂಗವ್ವ ನೋಟ ಕದಲಿಸದೆ ಹೇಳಿದಳು:

"ಅಳೂದಿದ್ರ ಆ ಕಡೆ ಹೊಳ್ಳಿ ಅಳು. ಮಜ್ಜನಾ ಆಗೇತಿ."

ದಾನೇಶ್ವರಿ ಮುಖ ಆ ಕಡೆ ತಿರುಗಿಸಿದಳು. ಕೈ ತೆಗೆಯಲಿಲ್ಲ.